ವಾಗ್ದಾನದ ಕಾರ್ಡ್ ಬಗ್ಗೆ ಬರೆದ ಬ್ರದರ್‌ಗೆ: ಮೊದ್ಲು ಯೆರೆಮೀಯ 29 ಪೂರ್ತಿ ಓದಿ

ಬ್ರದರ್, ಡಿಸೆಂಬರ್ 31ರ ರಾತ್ರಿ ಆರಾಧನೆಲಿ ಹೊಸ ವರ್ಷದ ವಾಗ್ದಾನ ಅಂತ ಯೆರೆಮೀಯ 29:11ರ ಕಾರ್ಡ್ ಬಂತು (ನಿಮ್ಮ ಬಗ್ಗೆ ನನ್ನ ಯೋಚನೆ ಕೇಡಿಗಲ್ಲ, ಒಳ್ಳೇದಕ್ಕೇ ಅಂತ ದೇವರು ಹೇಳೋ ವಚನ), ಈ ವರ್ಷ ಕೆಲ್ಸ ಸಿಕ್ಕೇ ಸಿಗುತ್ತೆ ಅಂತ ಕೂತಿದ್ದೆ, ಸಿಗ್ಲಿಲ್ಲ, ನಂಬಿಕೆ ಅಲ್ಲಾಡ್ತಿದೆ, ಇನ್ಮೇಲೆ ದಿನಕ್ಕೆ ಮೂರು ವಚನ ತೆಗೀತೀನಿ ಅಂತ ಬರ್ದಿದೀರ. ದಯವಿಟ್ಟು ಬೇಡ. ನಾನೂ ಇದೇ ಮಾಡಿದ್ದೆ. ಅಪ್ಪ ಐಸಿಯುನಲ್ಲಿದ್ದಾಗ ಇದೇ ವಚನ ಚೀಟೀಲಿ ಬರ್ದು ದಿಂಬಿನ ಕೆಳಗೆ ಇಟ್ಟಿದ್ದೆ. ಅಪ್ಪ ಉಳೀಲಿಲ್ಲ. ಎಂಟು ತಿಂಗ್ಳು ಸತ್ಯವೇದ ಮುಟ್ಲಿಲ್ಲ.

ಆಮೇಲೆ ಮನೆಕೂಟದಲ್ಲಿ ಒಬ್ರು ಹಿರಿಯರು ಯೆರೆಮೀಯ 28, 29 ಎರಡೂ ಅಧ್ಯಾಯ ಒಟ್ಟಿಗೆ ಓದಮ್ಮ ಅಂದ್ರು. ನೋಡಿದ್ರೆ 29 ಅನ್ನೋದು ಕ್ರಿ.ಪೂ. 597ರಲ್ಲಿ ಯೆಹೂದದಿಂದ ಬಾಬೆಲಿಗೆ ಸೆರೆ ಹೋದವ್ರಿಗೆ ಪ್ರವಾದಿ ಯೆರೆಮೀಯ ಬರ್ದ ಕಾಗದ. 28ರಲ್ಲಿ ಹನನ್ಯ ಅನ್ನೋ ಸುಳ್ಳು ಪ್ರವಾದಿ ಎಲ್ಲಾ ಎರಡೇ ವರ್ಷ ಅಂತ ಹೇಳಿ, ಬಾಬೆಲಿನ ಅಧೀನಕ್ಕೆ ಗುರುತಾಗಿ ಯೆರೆಮೀಯ ಕತ್ತಿಗೆ ಹಾಕ್ಕೊಂಡಿದ್ದ ನೊಗ ಮುರೀತಾನೆ, ಯೆರೆಮೀಯ ಮಾತ್ರ ಮನೆ ಕಟ್ಕೊಳ್ಳಿ, ತೋಟ ಮಾಡಿ, ಮಕ್ಳ ಮದುವೆ ಮಾಡಿ, ವಾಪಸ್ ಬರೋದು 70 ವರ್ಷ ಆದ್ಮೇಲೆ ಅಂತಾನೆ. ಅಂದ್ರೆ ಈ ವಚನ ಮೊದ್ಲು ಕೇಳಿದ ದೊಡ್ಡವ್ರು ಬಹಳಷ್ಟು ಜನ ಅಲ್ಲೇ ಮಣ್ಣಾದ್ರು, ಮಾತು ಮಾತ್ರ ಸುಳ್ಳಾಗ್ಲಿಲ್ಲ. ಅಪ್ಪ ಹೋದ್ಮೇಲೆ ನಂಗೆ ಸಿಕ್ಕ ಮೊದಲ ಸಮಾಧಾನ ಅದು.

ಅವತ್ತಿಂದ ನಾನು ಒಬ್ಬ ಮನುಷ್ಯನ್ನ ಹಿಡ್ಕೊಂಡು ಓದೋದು. 29:2ರಲ್ಲಿ ಸೆರೆ ಹೋದ ಯೆಹೂದದ ಅರಸ ಯೆಕೊನ್ಯ ಇದಾನೆ, ಎಲ್ರೂ ಹಾರಿಸಿಬಿಡ್ತಾರೆ. ಅವನೇ 2 ಅರಸುಗಳು 24ರ ಯೆಹೋಯಾಖೀನ (ಯೆಹೋಯಾಕೀಮ ಅವನಪ್ಪ, ಕಲಸ್ಕೋಬೇಡಿ). ಅದೇ ಪುಸ್ತಕದ 25ರ ಕೊನೇಲಿ ಬಾಬೆಲಿನ ಅರಸನ ಪಂಕ್ತೀಲೇ ಅವನಿಗೆ ಊಟ. ಅದಕ್ಕೂ ಮುಂಚಿನ, ಇವನನ್ನ ಸೆರೆ ಒಯ್ದ ಅರಸ ನೆಬೂಕದ್ನೆಚ್ಚರನ ಕಾಲದ ಜೇಡಿಮಣ್ಣಿನ ಹಲಗೆಗಳು ಬಾಬೆಲಿನಲ್ಲೇ ಅಗೆದಾಗ ಸಿಕ್ಕಿ ಈಗ ಬರ್ಲಿನ್ ಮ್ಯೂಸಿಯಂನಲ್ಲಿವೆ, ಅರಮನೆಯಿಂದ ಎಣ್ಣೆ ಅಳೆದು ಕೊಟ್ಟ ರೇಷನ್ ಲೆಕ್ಕ ಅದು, ಯೆಹೂದದ ಅರಸ ಅಂತ ಇವನ ಹೆಸ್ರು, ಇವನ ಐದು ಗಂಡುಮಕ್ಳ ಪಾಲು, ಎಲ್ಲಾ ಇದೆ. ಅದೇ ಯೆಕೊನ್ಯ ಮತ್ತಾಯ 1ರ ಯೇಸುವಿನ ವಂಶಾವಳೀಲಿ ಬರ್ತಾನೆ. ಆ ಬರೀ ಹೆಸರುಗಳ ಪಟ್ಟಿ ಓದ್ತಾ ನಾನು ಅತ್ತಿದೀನಿ.

ಹಾಗಂತ ಹಲಗೆ ನೋಡಿ ನಂಬಿಕೆ ಹುಟ್ಟಲ್ಲ. ಆ 70 ವರ್ಷನ ಹೇಗೆ ಎಣಿಸ್ಬೇಕು ಅಂತ ಗುಂಪಲ್ಲಿ ಜಗಳಕ್ಕೂ ಇಳೀಬೇಡಿ, ಯೆರೂಸಲೇಮಿನ ದೇವಾಲಯ ಬಿದ್ದಿದ್ದು ಕ್ರಿ.ಪೂ. 586, ಮತ್ತೆ ಕಟ್ಟಿ ಮುಗಿಸಿದ್ದು 516 ಅಂತ ಕೆಲವರು, ಪಾರಸಿಯ ಅರಸ ಕೋರೆಷ ಬಾಬೆಲ್ ಹಿಡಿದ 539ರಿಂದ ಹಿಂದಕ್ಕೆ ಅಂತ ಕೆಲವರು. ದಾನಿಯೇಲ 9 ನೋಡಿ, ಯೆರೆಮೀಯನ ಲೆಕ್ಕ ಓದಿದ ತಕ್ಷಣ ಅವನು ಗೋಣಿತಟ್ಟು ಉಟ್ಟು ಪ್ರಾರ್ಥನೆಗೆ ಕೂತ.

ಇನ್ನೊಂದು, 2 ಪೂರ್ವಕಾಲವೃತ್ತಾಂತದ ಕೊನೆಗೆ ಒಂದು ಬೆರಳು, ಎಜ್ರ 1ಕ್ಕೆ ಒಂದು ಬೆರಳು ಇಟ್ಟು ಓದಿ, ಸೆರೆಯವ್ರು ವಾಪಸ್ ಹೋಗ್ಲಿ ಅನ್ನೋ, ಅಲ್ಲಿ ಅರ್ಧಕ್ಕೆ ನಿಂತ ಕೋರೆಷನ ಮಾತು ಇಲ್ಲಿ ಮುಂದುವರಿಯುತ್ತೆ. ಎಜ್ರ 5 ಬಂದಾಗ ಅಲ್ಲಿ ಬರೋ ಪ್ರವಾದಿ ಹಗ್ಗಾಯನ ಪುಸ್ತಕ ಓದಿ, ಎರಡೇ ಅಧ್ಯಾಯ. ಆ್ಯಪ್ ಬೇಡ, ಅದ್ರಲ್ಲಿ ಹಿಂದೆಮುಂದೆ ಕಾಣಲ್ಲ, ಕೆಳಗೆ ರೆಫರೆನ್ಸ್ ಇರೋ ಪುಸ್ತಕನೇ ಇಟ್ಕೊಳ್ಳಿ. ಹೈಲೈಟರ್ ಅಂತೂ ಹಚ್ಚಲೇಬೇಡಿ, ಆ ತೆಳು ಕಾಗದಕ್ಕೆ ಹಿಂದಿನ ಪುಟಕ್ಕೂ ಇಳಿಯುತ್ತೆ, ನಟರಾಜ್ ಪೆನ್ಸಿಲ್ ಸಾಕು. ಕಾರ್ಡ್ ಬಿಸಾಡ್ಬೇಡಿ, 29ನೇ ಅಧ್ಯಾಯದಲ್ಲೇ ಗುರುತಿಗೆ ಇಟ್ಟು ಇವತ್ತು ರಾತ್ರಿ 2 ಅರಸುಗಳು 24ರಿಂದ ಶುರು ಮಾಡಿ, ಎಲ್ಲಿ ಸಿಕ್ಕಾಕೊಂಡ್ರಿ ಅಂತ ಇಲ್ಲೇ ಬರೀರಿ.