ಮೊದಲು ಎಣ್ಣೆ, ಆಮೇಲೆ ಕಬ್ಬಿಣ

ಓದುಗರ ಪ್ರಶ್ನೆಗಳಿಗೆ ಉತ್ತರ

ಉಳ್ಳಾಲದ ಬಟ್ಟಪ್ಪಾಡಿ ಬಳಿ 2022ರ ಜೂನ್‌ನಲ್ಲಿ ಮುಳುಗಿದ ‘ಪ್ರಿನ್ಸೆಸ್ ಮಿರಾಲ್’ ಹಡಗಿನ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾಲ್ಕು ಸಾಲು ಬರೆದಿದ್ದೆ. ಉಕ್ಕಿನ ಸುರುಳಿಗಳನ್ನು ಹೊತ್ತು ಲೆಬನಾನಿಗೆ ಹೊರಟಿದ್ದ ಹಡಗು ಅದು. ಸಿರಿಯಾದ ಹದಿನೈದು ನಾವಿಕರನ್ನು ಕರಾವಳಿ ಕಾವಲು ಪಡೆ ಉಳಿಸಿತು. ಹಡಗು ಮಾತ್ರ ಎಣ್ಣೆಯ ಸಮೇತ ತಳ ಸೇರಿತು. ಸಮುದ್ರವೇ ಇಲ್ಲದ ಕೊಡಗಿನಿಂದ ಇದಕ್ಕೆ ಇಷ್ಟು ಪತ್ರಗಳು ಬರುತ್ತವೆಂದು ಸಂಪಾದಕರು ಎಣಿಸಿರಲಿಲ್ಲವಂತೆ. ನನಗೇನೂ ಆಶ್ಚರ್ಯವಾಗಲಿಲ್ಲ. ನಮ್ಮ ಮೀನು ಕಡಲಿನಿಂದ ಬರುತ್ತದೆ, ನಮ್ಮ ಕಾಫಿ ಕಡಲಿಗೆ ಹೋಗುತ್ತದೆ. ಹಡಗುಗಳ ಎಂಜಿನ್ ಕೋಣೆಯಲ್ಲಿ ದುಡಿದು, ಈಗ ಅಮ್ಮತ್ತಿಯಲ್ಲಿ ತೋಟ ನೋಡಿಕೊಂಡಿರುವ ನನಗೆ ಎರಡೂ ಕಡೆಯವರ ಸಂಕಟ ಗೊತ್ತು.

ಪ್ರಶ್ನೆ: 2025ರ ಮೇ ತಿಂಗಳಲ್ಲಿ ಕೊಚ್ಚಿಯ ಹತ್ತಿರ ಹಡಗು ಮುಳುಗಿದಾಗ, ಮಾಕುಟ್ಟ ದಾರಿಯಾಗಿ ಬರುವ ಮತ್ತಿ, ಬಂಗುಡೆಯನ್ನು ಕೇಳುವವರೇ ಇರಲಿಲ್ಲ. ಹಡಗು ಕೆಟ್ಟು ನಿಂತ ಕೂಡಲೇ ಪಂಪ್ ಇಟ್ಟು ಎಣ್ಣೆ ತೆಗೆದುಬಿಡಲು ಏನು ಕಷ್ಟ? — ಮೀನು ವ್ಯಾಪಾರಿ, ವಿರಾಜಪೇಟೆ

ಉತ್ತರ: ನೀವು ಹೇಳುತ್ತಿರುವುದು ‘ಎಂಎಸ್‌ಸಿ ಎಲ್ಸಾ 3’ರ ವಿಷಯ. ಅದು ಮೇ 24ರಂದು ವಾಲಿತು, 25ರಂದು ಮುಳುಗಿತು. 640 ಕಂಟೇನರ್‌ಗಳ ಜೊತೆಗೆ 367 ಟನ್ ಫರ್ನೇಸ್ ಎಣ್ಣೆ, 84 ಟನ್ ಡೀಸೆಲ್ ಇದ್ದವು. ಒಂದೇ ದಿನದಲ್ಲಿ, ಅದೂ ಮುಂಗಾರಿನ ಮೊದಲ ಅಲೆಗಳ ನಡುವೆ, ಅಷ್ಟನ್ನು ಯಾರೂ ತೆಗೆಯಲಾರರು.

ಹಡಗಿನ ಎಣ್ಣೆ ಎಂದರೆ ಜೀಪಿಗೆ ಹಾಕುವ ಡೀಸೆಲ್ ಅಲ್ಲ. ಫರ್ನೇಸ್ ಎಣ್ಣೆ ತಣ್ಣಗಾದರೆ ಜೋನಿಬೆಲ್ಲದ ಹಾಗೆ ಜಗ್ಗುತ್ತದೆ. ಅದನ್ನು ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ಸಾಗಿಸಬೇಕಾದರೇ ಉಗಿಯ ಕೊಳವೆಗಳಿಂದ ನಲವತ್ತು, ಐವತ್ತು ಡಿಗ್ರಿಗೆ ಕಾಯಿಸುತ್ತಿದ್ದೆವು. ಎಂಜಿನ್‌ಗೆ ಚಿಮ್ಮಿಸುವ ಹೊತ್ತಿಗೆ ಅದು ನೂರಿಪ್ಪತ್ತು ಡಿಗ್ರಿ ದಾಟಿರಬೇಕು. ಹಡಗು ನೆಲ ಕಚ್ಚಿ ಎಂಜಿನ್ ಕೋಣೆಗೆ ನೀರು ನುಗ್ಗಿತೆಂದರೆ ಬಾಯ್ಲರ್ ಸತ್ತಿತು, ಉಗಿ ನಿಂತಿತು, ಎಣ್ಣೆ ಗಟ್ಟಿಯಾಗತೊಡಗಿತು. ಆಗ ಹೊರಗಿನಿಂದ ಬಾಯ್ಲರ್, ಪಂಪು, ಜನರೇಟರ್ ಎಲ್ಲವನ್ನೂ ತರಬೇಕು. ಹಡಗು ಮುಳುಗಿದ್ದರೆ ಮುಳುಗುಗಾರರು ಟ್ಯಾಂಕಿನ ಗೋಡೆಗೆ ಹೊರಗಿನಿಂದ ಕವಾಟವೊಂದನ್ನು ಬಿಗಿದು, ಆ ಕವಾಟದ ಮೂಲಕವೇ ಉಕ್ಕನ್ನು ಕೊರೆದು, ಹನಿ ಹೊರಬೀಳದಂತೆ ಕೊಳವೆ ಜೋಡಿಸುತ್ತಾರೆ. ಎಣ್ಣೆ ನೀರಿಗಿಂತ ಹಗುರ, ಟ್ಯಾಂಕಿನ ಮೇಲ್ಭಾಗದಲ್ಲಿ ನಿಂತಿರುತ್ತದೆ. ಕೆಳಗೆ ಇನ್ನೊಂದು ತೂತು ಕೊರೆದು ನೀರು ಒಳಬರಲು ಬಿಟ್ಟರೆ ಮೇಲಿನದು ಹೊರಬರುತ್ತದೆ. ನಾಜೂಕಿನ ಕೆಲಸ, ಆದರೆ ಹೊಸದೇನಲ್ಲ.

ಇಷ್ಟು ಹೇಳಿದ್ದು ಕೈಚೆಲ್ಲುವುದಕ್ಕಲ್ಲ. ಮುಳುಗುವ ಹಡಗು ಬೇರೆ, ದಿಬ್ಬ ಹತ್ತಿ ಕುಳಿತ ಹಡಗು ಬೇರೆ. ಎರಡನೆಯದು ಸಮಯ ಕೊಡುತ್ತದೆ. 2020ರ ಜುಲೈ 25ರಂದು ಮಾರಿಷಸ್‌ನಲ್ಲಿ ‘ವಕಾಶಿಯೊ’ ಹವಳದ ದಿಬ್ಬಕ್ಕೆ ಬಡಿಯಿತು. ಒಳಗೆ ಸುಮಾರು 4,000 ಟನ್ ಇಂಧನ. ಎಣ್ಣೆ ಸೋರತೊಡಗಿದ್ದು ಆಗಸ್ಟ್ 6ಕ್ಕೆ. ನಡುವೆ ಹನ್ನೆರಡು ದಿನ! ಸಮುದ್ರ ಒರಟಾಗಿತ್ತು, ಹೋಗಲಾಗಲಿಲ್ಲ ಎಂದು ಅಲ್ಲಿನ ಸರ್ಕಾರ ಹೇಳಿತು. ಸುಮಾರು 1,000 ಟನ್ ಕಡಲು ಸೇರಿದ ಮೇಲೆ ಸಣ್ಣ ಟ್ಯಾಂಕರ್‌ಗಳೂ ಹೆಲಿಕಾಪ್ಟರ್‌ಗಳೂ ಬಂದವು. ಒಂದು ವಾರ ಹಿಡಿಯಲಿಲ್ಲ, ಉಳಿದ ಮೂರು ಸಾವಿರ ಟನ್ನಿನಷ್ಟನ್ನೂ ಹೊರತೆಗೆದರು. ಆಗಸ್ಟ್ 15ರಂದು ಹಡಗು ಎರಡು ತುಂಡಾಯಿತು. ಕೊನೆಯ ವಾರದಲ್ಲಿ ಆದ ಕೆಲಸ ಮೊದಲ ವಾರದಲ್ಲೇ ಏಕೆ ಶುರುವಾಗಲಿಲ್ಲ? ಈ ಪ್ರಶ್ನೆ ಹಿಡಿದೇ ಆ ತಿಂಗಳ ಕೊನೆಗೆ ಪೋರ್ಟ್ ಲೂಯಿಯ ಬೀದಿಗಳಲ್ಲಿ ಸಾವಿರಾರು ಜನ ಮೆರವಣಿಗೆ ಹೋದರು. ಅದಕ್ಕೂ ಮೊದಲು ಅದೇ ಜನ ಕಬ್ಬಿನ ಸೋಗೆಯನ್ನು ಬಟ್ಟೆಯ ಚೀಲಗಳಿಗೆ ತುಂಬಿ, ಹೊಲಿದು, ಉದ್ದುದ್ದ ತೇಲುಬೇಲಿ ಮಾಡಿ ಎಣ್ಣೆಗೆ ಅಡ್ಡ ಕಟ್ಟಿದ್ದರು. ಸರ್ಕಾರದ ಅಪ್ಪಣೆಗೆ ಅವರು ಕಾಯಲಿಲ್ಲ. ಆ ಜನರ ಬಗ್ಗೆ ನನಗಿರುವ ಗೌರವ ಬರೆದು ಮುಗಿಯುವಂಥದ್ದಲ್ಲ.

ಇನ್ನು ನಿಮ್ಮ ಮೀನು. ಈಜುವ ಮೀನು ಎಣ್ಣೆಯಿಂದ ದೂರ ಸರಿಯುತ್ತದೆ. ಸರಿಯಲಾರದೆ ಅದನ್ನು ಒಡಲಲ್ಲಿ ತುಂಬಿಕೊಳ್ಳುವುದು ಚಿಪ್ಪಿನ ಜೀವಿಗಳು: ಮರುವಾಯಿ, ಕಲ್ಲುಮ್ಮಕ್ಕಾಯಿ. ಎಣ್ಣೆ ಹರಡಿದ ಕಡೆಯಿಂದ ಬಂದವಾದರೆ ಪರೀಕ್ಷೆಯ ವರದಿ ಬರುವ ತನಕ ಅವುಗಳನ್ನು ಮಾರಬೇಡಿ. ಸೀಮೆಎಣ್ಣೆಯ ವಾಸನೆ ಇರುವ ಯಾವ ಮೀನನ್ನೂ ಇಡಬೇಡಿ. ಮಿಕ್ಕ ಮತ್ತಿ, ಬಂಗುಡೆಗೆ ಎಲ್ಲಿಯ ಬಲೆ ಎಂದು ಕೇಳಿ ತಿಳಿದುಕೊಂಡು ಗಿರಾಕಿಗೆ ಹೇಳಿ.

ಪ್ರಶ್ನೆ: ಎಣ್ಣೆಯ ಸಮೇತ ಹಡಗನ್ನೇ ಸುಟ್ಟುಬಿಟ್ಟರೆ ಆಗದೇ? — ವಿದ್ಯಾರ್ಥಿನಿ, ಸೋಮವಾರಪೇಟೆ

ಉತ್ತರ: ಮಾಡಿ ನೋಡಿದ್ದಾರೆ. 1967ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಬಳಿ ‘ಟೊರಿ ಕ್ಯಾನ್ಯನ್’ ಬಂಡೆಗೆ ಬಡಿದಾಗ ಬ್ರಿಟನ್ನಿನ ವಿಮಾನಗಳು ಅದರ ಮೇಲೆ ಬಾಂಬ್ ಹಾಕಿದವು. ಆ ವೇಳೆಗೆ ಎಣ್ಣೆಯ ಬಹುಪಾಲು ಕಡಲಿಗೆ ಹೋಗಿಯಾಗಿತ್ತು. ತೀರ ತೊಳೆಯಲು ಸುರಿದ ಮಾರ್ಜಕವು ಎಣ್ಣೆಗಿಂತ ಹೆಚ್ಚು ಜೀವಿಗಳನ್ನು ಕೊಂದಿತು. 1999ರಲ್ಲಿ ಅಮೆರಿಕದ ಒರೆಗಾನ್ ತೀರದಲ್ಲಿ ‘ನ್ಯೂ ಕರಿಸ್ಸಾ’ಕ್ಕೂ ಬೆಂಕಿ ಇಟ್ಟರು; ಒಂದು ಭಾಗ ಸುಟ್ಟಿತು, ಹಡಗು ಒಡೆಯಿತು, ಹಿಂಬದಿಯ ತುಂಡು 2008ರವರೆಗೆ ಮರಳಲ್ಲೇ ಇತ್ತು. ಫರ್ನೇಸ್ ಎಣ್ಣೆ ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ, ಹೊತ್ತಿದರೂ ಪೂರ್ತಿ ಉರಿಯುವುದಿಲ್ಲ. ಬೇರೆ ದಾರಿಯೇ ಇಲ್ಲದಾಗ ಮಾತ್ರ ಅದು ದಾರಿ.

ಪ್ರಶ್ನೆ: ಹಡಗು ಸಿಕ್ಕಿಹಾಕಿಕೊಂಡರೆ ಅದರಲ್ಲಿರುವ ನಮ್ಮ ಕಾಫಿಗೂ ದಂಡ ಕಟ್ಟಬೇಕು ಎನ್ನುತ್ತಾರೆ. ನಿಜವೇ? — ಕಾಫಿ ರಫ್ತು ಸಂಸ್ಥೆಯ ಗುಮಾಸ್ತ, ಕುಶಾಲನಗರ

ಉತ್ತರ: ದಂಡವಲ್ಲ, ಪಾಲು. ‘ಜನರಲ್ ಆವರೇಜ್’ ಎಂಬ ಪುರಾತನ ಕಡಲ ಕಟ್ಟಳೆ ಇದೆ. ಎಲ್ಲರ ಸೊತ್ತನ್ನು ಉಳಿಸಲು ಬೇಕೆಂದೇ ಮಾಡಿದ ಖರ್ಚನ್ನೂ ನಷ್ಟವನ್ನೂ ಹಡಗಿನ ಮಾಲೀಕರು ಮತ್ತು ಸರಕಿನ ಮಾಲೀಕರು ತಮ್ಮ ತಮ್ಮ ಸೊತ್ತಿನ ಬೆಲೆಗೆ ತಕ್ಕಂತೆ ಹಂಚಿಕೊಳ್ಳಬೇಕು. ನಿಮ್ಮ ರೊಬಸ್ಟಾ ಚೀಲಕ್ಕೆ ಒಂದು ಹನಿ ನೀರು ತಾಗದಿದ್ದರೂ ಪಾಲು ಪಾಲೇ. ಖಾತರಿ ಪತ್ರ ಕೊಡುವ ತನಕ ಕಂಟೇನರ್ ಬಿಡುವುದಿಲ್ಲ. 2021ರ ಮಾರ್ಚ್‌ನಲ್ಲಿ ಸೂಯೆಜ್ ಕಾಲುವೆಗೆ ಅಡ್ಡ ನಿಂತ ‘ಎವರ್ ಗಿವನ್’ ಹಡಗಿನ ಮಾಲೀಕರು ಇದನ್ನೇ ಘೋಷಿಸಿದರು, ಹಡಗು ಅಲ್ಲಿಂದ ಬಿಡುಗಡೆಯಾದದ್ದು ಜುಲೈನಲ್ಲಿ.

ಎಫ್‌ಒಬಿ ಲೆಕ್ಕದಲ್ಲಿ, ಅಂದರೆ ಹಡಗಿಗೆ ಏರಿಸುವ ತನಕದ ಬೆಲೆಗೆ ಮಾರಿದ್ದರೆ ಸರಕು ಮಂಗಳೂರಿನಲ್ಲೋ ಕೊಚ್ಚಿಯಲ್ಲೋ ಹಡಗೇರಿದ ಮೇಲೆ ಹೊಣೆ ಕೊಂಡವರದು. ಸಿಐಎಫ್, ಅಂದರೆ ವಿಮೆ ಮತ್ತು ಹಡಗು ಬಾಡಿಗೆ ಸೇರಿದ ಬೆಲೆ ಆದರೂ ಹೊಣೆ ಹೊರಳುವುದು ಅಲ್ಲಿಯೇ, ವಿಮೆ ಮಾಡಿಸುವವರು ಮಾತ್ರ ನೀವು. ಸಾಗರ ವಿಮೆ ಈ ಪಾಲನ್ನು ಸಾಮಾನ್ಯವಾಗಿ ಭರಿಸುತ್ತದೆ. ವಿಮೆಯಿಲ್ಲದೆ ಕಳಿಸುವ ಸಣ್ಣವರಿಗೆ ಹೊಡೆತ ಬೀಳುತ್ತದೆ. ದಯವಿಟ್ಟು ಅದೊಂದರಲ್ಲಿ ಉಳಿತಾಯ ಮಾಡಬೇಡಿ.

ಪ್ರಶ್ನೆ: ಎಣ್ಣೆ ತೆಗೆದ ಮೇಲೆ ಹಡಗನ್ನು ಅಲ್ಲೇ ಬಿಟ್ಟರೆ ಮೀನಿಗೆ ಮನೆಯಾಗುತ್ತದೆ ಎಂದು ಕೆಲವರು, ಮಾಲೀಕನೇ ಎತ್ತಿಕೊಂಡು ಹೋಗಲಿ ಎಂದು ಕೆಲವರು. ಯಾರ ಮಾತು ಸರಿ? — ನಿವೃತ್ತ ಶಿಕ್ಷಕರು, ಮಡಿಕೇರಿ

ಉತ್ತರ: ಜಾಗ ನೋಡಿ ಹೇಳಬೇಕು. ನ್ಯೂಜಿಲೆಂಡಿನ ಟೌರಂಗಾ ಬಳಿ 2011ರ ಅಕ್ಟೋಬರ್‌ನಲ್ಲಿ ‘ರೆನಾ’ ದಿಬ್ಬ ಹತ್ತಿತು. 1,700 ಟನ್ ಎಣ್ಣೆಯಲ್ಲಿ ಸುಮಾರು 350 ಟನ್ ಸೋರಿತು, ಉಳಿದದ್ದರಲ್ಲಿ ಬಹುಪಾಲನ್ನು ಹಡಗು ಮುರಿಯುವ ಮೊದಲೇ ಪಂಪ್ ಮಾಡಿದರು. ಆಮೇಲೆ ಉಳಿದ ಕಬ್ಬಿಣದ ಬಗ್ಗೆ ವರ್ಷಗಟ್ಟಲೆ ವಾದ ನಡೆಯಿತು. ಆ ದಿಬ್ಬ ಮಾವೊರಿ ಜನರಿಗೆ ಪವಿತ್ರ, ಪೂರ್ತಿ ತೆಗೆಯಿರಿ ಎಂದವರು ಅವರಲ್ಲಿ ಅನೇಕರು. ಕೊನೆಗೆ ಅವಶೇಷ ಅಲ್ಲೇ ಉಳಿಯಲು ಅನುಮತಿ ಸಿಕ್ಕಿತು. ಗೋವಾದ ಕಾಂಡೋಲಿಮ್‌ನಲ್ಲಿ 2000ದಲ್ಲಿ ದಡಕ್ಕೆ ಬಿದ್ದ ‘ರಿವರ್ ಪ್ರಿನ್ಸೆಸ್’ ಹತ್ತು ವರ್ಷಕ್ಕೂ ಹೆಚ್ಚು ಕಾಲ ತುಕ್ಕು ಹಿಡಿಯುತ್ತ ನಿಂತಿತ್ತು, ಯಾರು ತೆಗೆಯಬೇಕೆಂಬ ಜಗಳದಲ್ಲಿಯೇ. ಬಲೆ ಬೀಸುವ ಜಾಗದಲ್ಲಿ, ಜನ ಈಜುವ ದಡದಲ್ಲಿ ಹಡಗು ಉಳಿಯಕೂಡದು. ಮೀನಿಗೆ ಮನೆ ಎಂಬ ಮಾತು ಹಣ ಉಳಿಸಬೇಕಾದವರ ಬಾಯಿಂದ ಬಂದಾಗ ನಾನು ನಂಬುವುದಿಲ್ಲ. ಅವಶೇಷ ತೆರವಿನ ಖರ್ಚು ಮಾಲೀಕನದು, ಅದಕ್ಕೆ ವಿಮೆ ಕಡ್ಡಾಯ ಎಂದು 2007ರ ನೈರೋಬಿ ಒಪ್ಪಂದ ಹೇಳುತ್ತದೆ, ಭಾರತವೂ ಅದರಲ್ಲಿದೆ.

ಒಂದು ವಿಷಯ ಮಾತ್ರ ಎಲ್ಲ ಜಾಗಕ್ಕೂ ಒಂದೇ. ಎಣ್ಣೆ ಕಾಯುವುದಿಲ್ಲ. ಹಡಗು ಉಳಿಸಿದರಷ್ಟೇ ಕೂಲಿ ಎಂಬುದು ಅಪಾಯಕ್ಕೆ ಸಿಕ್ಕ ಹಡಗುಗಳನ್ನು ಉಳಿಸುವ ಕಂಪನಿಗಳ ಹಳೆಯ ಕರಾರು. ಹಾಗಿದ್ದಾಗ ಬೆಲೆಬಾಳದ ಹಡಗಿನ ಎಣ್ಣೆಗೆ ಯಾರು ಕೈ ಹಾಕುತ್ತಾರೆ? ಅದಕ್ಕೆಂದೇ 1989ರ ಅಂತರರಾಷ್ಟ್ರೀಯ ಒಪ್ಪಂದ, ಹಡಗು ಉಳಿಯದಿದ್ದರೂ ಪರಿಸರ ಕಾಪಾಡಲು ದುಡಿದವರಿಗೆ ಖರ್ಚು ಸಿಗುವಂತೆ ಮಾಡಿತು. ಹಣದ ದಾವೆ ಆಮೇಲೆ ನಡೆಯಲಿ. ಕೇರಳ ಸರ್ಕಾರ ‘ಎಲ್ಸಾ’ ಪ್ರಕರಣದಲ್ಲಿ 9,531 ಕೋಟಿ ರೂಪಾಯಿ ಕೇಳಿ ಹೈಕೋರ್ಟಿಗೆ ಹೋಯಿತು. ಅದೇ ಎಂಎಸ್‌ಸಿ ಕಂಪನಿ ಗುಂಪಿನ ಇನ್ನೊಂದು ಹಡಗನ್ನು ವಿಳಿಂಜದಲ್ಲಿ ತಡೆದು ನಿಲ್ಲಿಸಲು ನ್ಯಾಯಾಲಯ ಆದೇಶಿಸಿತು. ಹಿಡಿತ ಹೀಗಿರುವಾಗ, ಯಾರು ಕೊಡುತ್ತಾರೆಂದು ತೀರ್ಮಾನವಾಗುವ ತನಕ ಪಂಪ್ ಇಳಿಸುವುದಿಲ್ಲ ಎಂಬ ಅಧಿಕಾರಿಯ ಮಾತಿಗೆ ಅರ್ಥವಿಲ್ಲ.

ಪ್ರಶ್ನೆ: ಕೊನೆಗೆ ಜೈಲಿಗೆ ಹೋಗುವುದು ಕ್ಯಾಪ್ಟನ್ ಒಬ್ಬನೇ? — ಗೃಹಿಣಿ, ನಾಪೋಕ್ಲು (ಮಗ ನೌಕಾ ತರಬೇತಿಯಲ್ಲಿದ್ದಾನೆ)

ಉತ್ತರ: ‘ವಕಾಶಿಯೊ’ ಪ್ರಕರಣದಲ್ಲಿ ಭಾರತೀಯ ಕ್ಯಾಪ್ಟನ್‌ಗೂ ಶ್ರೀಲಂಕಾದ ಮುಖ್ಯ ಅಧಿಕಾರಿಗೂ 2021ರ ಡಿಸೆಂಬರ್‌ನಲ್ಲಿ ತಲಾ 20 ತಿಂಗಳ ಶಿಕ್ಷೆಯಾಯಿತು. ಹಡಗನ್ನು ತೀರದ ಅಷ್ಟು ಸಮೀಪಕ್ಕೆ ತಂದದ್ದು ಅವರ ತಪ್ಪೇ. ಆದರೆ ಹನ್ನೆರಡು ದಿನ ಎಣ್ಣೆಯನ್ನು ಒಳಗೇ ಬಿಟ್ಟದ್ದಕ್ಕೆ ಉತ್ತರ ಕೊಡಬೇಕಾದವರು ಅವರಲ್ಲ. ನಿಮ್ಮ ಮಗನಿಗೆ ಹೇಳಿ: ಕಾವಲಿನ ಹೊತ್ತಿನಲ್ಲಿ ನಕ್ಷೆಯ ದಾರಿ ಬಿಟ್ಟು ಹಡಗು ದಡದ ಕಡೆ ಸರಿಯುತ್ತಿದ್ದರೆ, ಹೇಳಿದವರು ಯಾರೇ ಇರಲಿ, ಬಾಯಿಬಿಟ್ಟು ಕೇಳಬೇಕು, ಕೇಳಿದ್ದನ್ನು ಹಡಗಿನ ದಿನಚರಿಯಲ್ಲಿ ಬರೆದಿಡಬೇಕು.