ಮನೆಯಲ್ಲಿ ಉಜ್ಜಿದ ಟೆಲಿಸ್ಕೋಪ್ ಕನ್ನಡಿಯ ಆಕಾರ ಸರಿಯಿದೆಯಾ ಅಂತ ತಿಳಿಯೋದು ಹೇಗೆ?

8 ಇಂಚಿನ ಎಫ್/6 (ಫೋಕಸ್ ದೂರ ಅಗಲದ ಆರು ಪಟ್ಟು) ಕನ್ನಡಿಯ ಪಾಲಿಶ್ ಮುಗಿದಿದೆ, ಪ್ಯಾರಾಬೋಲಾ, ಅಂದರೆ ನಕ್ಷತ್ರದ ಬೆಳಕನ್ನು ಒಂದೇ ಬಿಂದುವಿಗೆ ಸೇರಿಸುವ ವಕ್ರ ಆಕಾರ, ಬಂದಿದೆಯಾ ಅಂತ ನೋಡಲು ಲಕ್ಷಗಟ್ಟಲೆ ಬೆಲೆಯ ಯಂತ್ರ ಬೇಕಾ ಅಂತ ಕೇಳಿದ್ದೀರಿ. ಬೇಡ. ಒಂದು ಎಲ್‌ಇಡಿ, ಒಂದು ಶೇವಿಂಗ್ ಬ್ಲೇಡ್, ಸಣ್ಣ ಸರಿದಾಟ ಅಳೆಯುವ ಒಂದು ಡಯಲ್ ಗೇಜ್ ಸಾಕು. ನಾನು ಇವತ್ತಿಗೂ ಅದರಲ್ಲೇ ಕೆಲಸ ಮಾಡುತ್ತೇನೆ.

ನಿಮ್ಮ ಅಳತೆಯ ಕನ್ನಡಿಯಲ್ಲಿ ಗೋಳಕ್ಕೂ ಪ್ಯಾರಾಬೋಲಾಕ್ಕೂ ಇರುವ ವ್ಯತ್ಯಾಸ ಅಂಚಿನಲ್ಲಿ ಬರೀ 0.9 ಮೈಕ್ರಾನ್. ಒಳ್ಳೆಯ ಚಿತ್ರ ಬೇಕಾದರೆ ಮೇಲ್ಮೈಯ ತಪ್ಪು ಹೆಚ್ಚೆಂದರೆ 70 ನ್ಯಾನೋಮೀಟರ್ ಇರಬಹುದು. ಇದನ್ನು ಮುಟ್ಟಿ ಅಳೆಯುವ ಮಾತೇ ಇಲ್ಲ. ಹಾಗಾಗಿ ಎತ್ತರ ತಗ್ಗು ಬಿಟ್ಟು, ಇಳಿಜಾರನ್ನು ಅಳೆಯಬೇಕು. 1858ರಲ್ಲಿ ಫ್ರಾನ್ಸಿನ ಭೌತವಿಜ್ಞಾನಿ ಫೂಕೋ ತೋರಿಸಿಕೊಟ್ಟ ಉಪಾಯ ಇದು.

ಕನ್ನಡಿಯಿಂದ ಸುಮಾರು 2.44 ಮೀಟರ್ ದೂರದಲ್ಲಿ, ಅಂದರೆ ಫೋಕಸ್ ದೂರದ ಎರಡರಷ್ಟರಲ್ಲಿರುವ ವಕ್ರತೆಯ ಕೇಂದ್ರದಲ್ಲಿ, ಸಣ್ಣ ತೂತಿನ ಹಿಂದೆ ಎಲ್‌ಇಡಿ ಇಡಿ. ಕನ್ನಡಿ ಗೋಳವಾಗಿದ್ದರೆ ಬೆಳಕೆಲ್ಲ ವಾಪಸ್ ಒಂದೇ ಬಿಂದುವಿಗೆ ಬರುತ್ತದೆ. ಅಲ್ಲಿ ಬ್ಲೇಡ್ ಅಡ್ಡ ತಂದು ಅದರ ಹಿಂದಿನಿಂದ ನೋಡಿದರೆ ಇಡೀ ಕನ್ನಡಿ ಒಟ್ಟಿಗೇ ಮಬ್ಬಾಗುತ್ತದೆ. ಪ್ಯಾರಾಬೋಲಾದಲ್ಲಿ ಹಾಗಾಗಲ್ಲ. ದೀಪ ಅಲುಗಾಡಿಸದೆ ಬ್ಲೇಡ್ ಮಾತ್ರ ಸರಿಸಿದರೆ, ಅಂಚಿನ ಬೆಳಕು ನಡುವಿನ ಬೆಳಕಿಗಿಂತ ಸುಮಾರು 4.2 ಮಿ.ಮೀ. ಹಿಂದೆ, ಅಂದರೆ ಕನ್ನಡಿಯಿಂದ ಇನ್ನೂ ದೂರದಲ್ಲಿ, ಬಂದು ಸೇರುತ್ತದೆ. ಮೈಕ್ರಾನಿಗಿಂತ ಸಣ್ಣ ವ್ಯತ್ಯಾಸ ಮಿಲಿಮೀಟರ್ ಆಗಿ ಕಾಣಿಸಿತು ನೋಡಿ! 0.01 ಮಿ.ಮೀ. ತೋರಿಸುವ ಡಯಲ್ ಗೇಜ್ ಇದಕ್ಕೆ ಧಾರಾಳ ಸಾಕು.

ಆಗ ಕಾಣುವ ನೆರಳು, ಪಕ್ಕದಿಂದ ದೀಪ ಹಾಕಿದ ಉದ್ದಿನ ವಡೆ ಥರ ಇರುತ್ತದೆ. ಚೆನ್ನಾಗಿದೆ ಅಂತ ಅದನ್ನೇ ನಂಬಬೇಡಿ, ಅಳೆಯಿರಿ. ರಟ್ಟಿನಲ್ಲಿ ಎಡಕ್ಕೂ ಬಲಕ್ಕೂ ಜೋಡಿ ಜೋಡಿ ಕಿಟಕಿ ಕತ್ತರಿಸಿ ಕನ್ನಡಿಯ ಮುಂದಿಡಿ. ಒಂದು ಜೋಡಿ ಕಿಟಕಿ ಒಟ್ಟಿಗೇ ಮಬ್ಬಾಗುವ ಜಾಗ ಹುಡುಕಿ, ಗೇಜ್ ನೋಡಿ ಬರೆದುಕೊಳ್ಳಿ. ಕಿಟಕಿ ಕೇಂದ್ರದಿಂದ ಎಷ್ಟು ದೂರ ಇದೆಯೋ ಅದರ ವರ್ಗವನ್ನು 2440 ಮಿ.ಮೀ.ಯಿಂದ ಭಾಗಿಸಿ. ನಡುವಿನ ಬೆಳಕು ಸೇರುವ ಜಾಗದಿಂದ ಬ್ಲೇಡ್ ಅಷ್ಟು ಹಿಂದೆ ಹೋಗಿರಬೇಕು. ಪ್ರತಿ ಜೋಡಿಗೂ ಹೀಗೇ.

ಶಾಖದ ಬಗ್ಗೆ ಮಾತ್ರ ಹುಷಾರು. ಕನ್ನಡಿಯ ಮೇಲೆ ಒಂದು ನಿಮಿಷ ಹೆಬ್ಬೆರಳು ಒತ್ತಿ, ಓಡಿ ಬಂದು ಬ್ಲೇಡಿನ ಹಿಂದಿನಿಂದ ನೋಡಿ. ಬೆರಳಿಟ್ಟ ಕಡೆ ಗುಬುಟು ಎದ್ದಿರುತ್ತದೆ! ಗಾಜು ನಿಜವಾಗಿಯೂ ಉಬ್ಬಿರುತ್ತದೆ, ತಣ್ಣಗಾಗುತ್ತಾ ಮೆಲ್ಲಗೆ ಇಳಿಯುತ್ತದೆ. ಎಲ್ಲರೂ ಒಮ್ಮೆ ಮಾಡಿ ನೋಡಲೇಬೇಕಾದ ಆಟ ಇದು. ಪಾಲಿಶ್ ಮಾಡಿದ ಕೂಡಲೇ ಅಳೆಯಬಾರದು ಅನ್ನೋದು ಇದಕ್ಕೇ. ಒಂದೆರಡು ಗಂಟೆ ಬಿಡಿ, ಫ್ಯಾನ್ ಆಫ್ ಮಾಡಿ.

ಇನ್ನು ಒಂದೇ ಪರೀಕ್ಷೆ ನಂಬಿ ಕೂರಬೇಡಿ. 1990ರಲ್ಲಿ ಹಾರಿಸಿದ ಹಬಲ್ ಬಾಹ್ಯಾಕಾಶ ಟೆಲಿಸ್ಕೋಪಿನ 2.4 ಮೀಟರ್ ಕನ್ನಡಿ ನುಣುಪಿನಲ್ಲಿ ಅದ್ಭುತ, ಆದರೆ ಅಂಚು ಸುಮಾರು 2.2 ಮೈಕ್ರಾನ್ ಜಾಸ್ತಿ ಚಪ್ಪಟೆ. ಅಳೆಯುವ ಉಪಕರಣದ ಒಳಗೇ ಒಂದು ಲೆನ್ಸ್ 1.3 ಮಿ.ಮೀ. ಆಚೀಚೆ ಕೂತಿತ್ತು. ಕಾರಿಗರು ಆ ತಪ್ಪು ಅಳತೆಗೆ ಸರಿಯಾಗಿ ಗಾಜನ್ನು ತೀಡಿದರು! ಬೇರೆ ಪರೀಕ್ಷೆಗಳಲ್ಲಿ ಸುಳಿವು ಸಿಕ್ಕಿತ್ತು. ಅವು ಅಷ್ಟು ನಿಖರ ಅಲ್ಲ ಅಂತ ಪಕ್ಕಕ್ಕಿಟ್ಟರು. ನನಗೆ ಇದರಲ್ಲಿ ಬೇಜಾರಾಗೋದು ಲೆನ್ಸಿನ ವಿಷಯಕ್ಕಲ್ಲ, ಆ ಪಕ್ಕಕ್ಕಿಟ್ಟಿದ್ದಕ್ಕೆ.

ಅಂದಹಾಗೆ, ಬ್ಲೇಡಿನ ಈ ಲೆಕ್ಕ ಸುತ್ತಲೂ ಒಂದೇ ಥರ ಇರುವ ಕನ್ನಡಿಗೆ ಮಾತ್ರ. ಹಲವು ದೇಶಗಳು ಸೇರಿ ಕಟ್ಟಲು ಹೊರಟಿರುವ ಥರ್ಟಿ ಮೀಟರ್ ಟೆಲಿಸ್ಕೋಪಿನ ಮುಖ್ಯ ಕನ್ನಡಿಯ 492 ತುಂಡುಗಳಲ್ಲಿ 82 ಬೇರೆ ಬೇರೆ ಆಕಾರಗಳಿವೆ, ನಡುವಿನಿಂದ ಸರಿದ ಓರೆ ವಕ್ರತೆ. ಭಾರತದ ಪಾಲಿನ ತುಂಡುಗಳನ್ನು ಪಾಲಿಶ್ ಮಾಡಲು ಹೊಸಕೋಟೆಯಲ್ಲಿ ಕಾರ್ಯಾಗಾರ ಕಟ್ಟಿದ್ದಾರೆ. ಅಂಥ ಕೆಲಸಕ್ಕೆ ಬೆಳಕಿನ ಅಲೆಗಳನ್ನು ಹೋಲಿಸಿ ಅಳೆಯುವ ಇಂಟರ್‌ಫೆರೋಮೀಟರ್‌ನಂಥ ಉಪಕರಣ ಬೇಕೇ ಬೇಕು.

ನಿಮಗೆ ಎರಡನೇ ಪರೀಕ್ಷೆಗೆ ನಕ್ಷತ್ರ ಇದೆ. ಅಲ್ಯೂಮಿನಿಯಂ ಲೇಪನ ಹಾಕಿಸುವ ಮೊದಲೇ ಕನ್ನಡಿಯನ್ನು ಟ್ಯೂಬಿನಲ್ಲಿ ಕೂರಿಸಿ. ಬರೀ ಗಾಜು ಸುಮಾರು 4% ಬೆಳಕು ವಾಪಸ್ ಕೊಡುತ್ತದೆ, ಸಿರಿಯಸ್‌ನಂಥ ನಕ್ಷತ್ರಕ್ಕೆ ಅಷ್ಟು ಸಾಕು. ಫೋಕಸ್‌ನಿಂದ ಸ್ವಲ್ಪ ಒಳಗೆ, ಅಷ್ಟೇ ಹೊರಗೆ ಸರಿಸಿ ಉಂಗುರಗಳನ್ನು ಹೋಲಿಸಿ. ಎರಡೂ ಕಡೆ ಒಂದೇ ಥರ ಇದ್ದರೆ ಲೇಪನಕ್ಕೆ ಕೊಡಿ. ಇಲ್ಲದಿದ್ದರೆ ಮತ್ತೆ ಪಿಚ್ (ಪಾಲಿಶ್‌ಗೆ ಬಳಸುವ ರಾಳದಂಥ ಅಂಟು) ಬಿಸಿ ಮಾಡಿ.