ಓದುಗರ ಪ್ರಶ್ನೆ: ಹಗಲು ಬೆಳೆದರೂ ಬೆಳಗಾಗುವುದು ತಡವೇಕೆ?

ಪ್ರಶ್ನೆ: ಡಿಸೆಂಬರ್ 21ರ ನಂತರ ಹಗಲು ಬೆಳೆಯುತ್ತದೆ ಎನ್ನುತ್ತಾರೆ. ಆದರೆ ಸಂಕ್ರಾಂತಿ ಹೊತ್ತಿಗೆ ಬೆಳಿಗ್ಗೆ ಲೋಕಲ್ ಹಿಡಿಯಲು ಹೊರಟರೆ ಮೊದಲಿಗಿಂತ ಹೆಚ್ಚು ಕತ್ತಲು. ಯಾಕೆ? (ಡೊಂಬಿವಲಿ)

ಉತ್ತರ: ನೀವು ಗಮನಿಸಿದ್ದು ಸರಿ. ಮುಂಬಯಿ ಕಡೆ ಡಿಸೆಂಬರ್ 21ರಂದು ಸೂರ್ಯೋದಯ ಸುಮಾರು 7:07, ಸೂರ್ಯಾಸ್ತ 6:05. ಜನವರಿ 14ಕ್ಕೆ ಇವು 7:15 ಮತ್ತು 6:20. ಹಗಲು ಏಳು ನಿಮಿಷ ಬೆಳೆದಿದೆ, ಆದರೆ ಲಾಭವೆಲ್ಲ ಸಂಜೆಯ ಪಾಲಾಗಿದೆ.

ತಡವಾಗಿ ಸರಿದದ್ದು ನಡುಹಗಲು, ಅಂದರೆ ಸೂರ್ಯ ಅತಿ ಎತ್ತರದಲ್ಲಿರುವ ಹೊತ್ತು; ಅದರೊಂದಿಗೆ ಬೆಳಗೂ ಸಂಜೆಯೂ ಹಿಂದೆ ಬಿದ್ದಿವೆ. ಜನವರಿ ಮೊದಲ ವಾರದಲ್ಲಿ ಭೂಮಿ ಸೂರ್ಯನಿಗೆ ಅತಿ ಹತ್ತಿರವಿದ್ದು ಬಿರುಸಾಗಿ ಸಾಗುತ್ತದೆ. ಅಕ್ಷದ ಓರೆಯ ಪರಿಣಾಮವೂ ಅದೇ ಹೊತ್ತಿಗೆ ಕೂಡಿಕೊಳ್ಳುತ್ತದೆ. ಹೀಗಾಗಿ ಮತ್ತೆ ಸೂರ್ಯನಿಗೆ ಎದುರಾಗಲು ಭೂಮಿ ತುಸು ಹೆಚ್ಚು ತಿರುಗಬೇಕಾಗಿ, ಒಂದು ನಡುಹಗಲಿನಿಂದ ಮರುದಿನದ ನಡುಹಗಲಿಗೆ 24 ಗಂಟೆಗಿಂತ ಅರ್ಧ ನಿಮಿಷದಷ್ಟು ಹೆಚ್ಚು ಹಿಡಿಯುತ್ತದೆ. ಈ ಮೂರೂವರೆ ವಾರದಲ್ಲಿ ಅದು ಸುಮಾರು 11 ನಿಮಿಷವಾಗಿ, 12:37ಕ್ಕಿದ್ದ ನಡುಹಗಲು 12:48ಕ್ಕೆ ಬರುತ್ತದೆ. ಪುಣೆಯಲ್ಲಿ ಇದಕ್ಕಿಂತ ನಾಲ್ಕು ನಿಮಿಷ ಮೊದಲು.

ತಾರಸಿಯಲ್ಲೇ ಪರೀಕ್ಷಿಸಬಹುದು. ಒಂದು ಅಡಿಯ ಕೋಲನ್ನು ತೂಗುಗುಂಡು ಹಿಡಿದು ನೆಟ್ಟಗೆ ನಿಲ್ಲಿಸಿ. ಅತಿ ಗಿಡ್ಡ ನೆರಳಿಗೆ ಕಾಯಬೇಡಿ; ನಡುಹಗಲಿನ ಆಸುಪಾಸು ನೆರಳಿನ ಉದ್ದ ಬದಲಾಗುವುದು ತೀರಾ ಕಡಿಮೆ, ಹತ್ತು ನಿಮಿಷ ತಪ್ಪಿದರೂ ತಿಳಿಯದು. 11 ಗಂಟೆಗೆ ನೆರಳಿನ ತುದಿಗೆ ಗುರುತು ಹಾಕಿ, ಕೋಲಿನ ಬುಡವನ್ನೇ ಕೇಂದ್ರವಾಗಿಸಿ ಆ ಗುರುತಿನ ಮೂಲಕ ವೃತ್ತ ಎಳೆಯಿರಿ. ಮಧ್ಯಾಹ್ನ ತುದಿ ಮತ್ತೆ ವೃತ್ತವನ್ನು ಮುಟ್ಟಿದ ಸಮಯ ಬರೆದುಕೊಳ್ಳಿ. ಎರಡು ಸಮಯಗಳ ಮಧ್ಯಬಿಂದುವೇ ನಡುಹಗಲು. ನೆಲ ಮಟ್ಟಸವಾಗಿರಲಿ, ನೀರು ಹರಿಯಲೆಂದು ತಾರಸಿಗೆ ಇಳಿಜಾರು ಕೊಟ್ಟಿರುತ್ತಾರೆ, ಲೆಕ್ಕ ಕೆಡುವುದು ಅಲ್ಲೇ. ನಮ್ಮ ಹಳೆಯ ಜ್ಯೋತಿಷಿಗಳು ಶಂಕು (ನೆರಳು ಅಳೆಯುವ ಕೋಲು) ನೆಟ್ಟು ದಿಕ್ಕು ಕಂಡುಕೊಂಡದ್ದೂ ಹೀಗೆಯೇ.

ಪ್ರಶ್ನೆ: ಬೇಸಿಗೆಗೂ ಚಳಿಗಾಲಕ್ಕೂ ಹಗಲು ಎಷ್ಟು ವ್ಯತ್ಯಾಸ? (ವಾಸ್ಕೋ)

ಉತ್ತರ: ಪಣಜಿಯಲ್ಲಿ ಜೂನ್ 21ರ ಹಗಲು ಸುಮಾರು 13 ಗಂಟೆ 3 ನಿಮಿಷ, ಡಿಸೆಂಬರ್ 21ರದು 11 ಗಂಟೆ 12 ನಿಮಿಷ. ಮುಂಬಯಿಯಲ್ಲಿ ಈ ಅಂತರ ಎರಡೂಕಾಲು ಗಂಟೆ, ಬೆಂಗಳೂರಲ್ಲಿ ಒಂದೂವರೆ, ದೆಹಲಿಯಲ್ಲಿ ಮೂರೂವರೆಗೂ ಮಿಕ್ಕು.

ಪ್ರಶ್ನೆ: ಬಾಲ್ಕನಿಯ ಸೇವಂತಿಗೆ ಡಿಸೆಂಬರ್ ಬಂದರೂ ಮೊಗ್ಗು ಕಟ್ಟಿಲ್ಲ. ಎದುರಿಗೇ ಬೀದಿದೀಪವಿದೆ. (ಕೋಥ್ರೂಡ್, ಪುಣೆ)

ಉತ್ತರ: ದೀಪದ ಮೇಲೇ ಅನುಮಾನ. ಸೇವಂತಿಗೆಗೆ ಉದ್ದನೆಯ, ಎಡೆಬಿಡದ ಕತ್ತಲೆ ಬೇಕು. ಅದನ್ನು ಅಳೆಯುವುದು ಎಲೆ. ಆದ್ದರಿಂದ ಗಿಡದ ತುದಿಯನ್ನಷ್ಟೇ ಮುಚ್ಚಿದರೆ ಸಾಲದು. ಕುಂಡವನ್ನು ಹಿಂಬದಿಯ ಬಾಲ್ಕನಿಗೆ ಸಾಗಿಸುವುದು ಒಳ್ಳೆಯದು. ಆಗದಿದ್ದರೆ ಸಂಜೆ 6ರಿಂದ ಬೆಳಿಗ್ಗೆ 7ರವರೆಗೆ ದಪ್ಪ ಕಪ್ಪು ಬಟ್ಟೆಯಿಂದ ಇಡೀ ಗಿಡ ಮುಚ್ಚಿ. ಪ್ಲಾಸ್ಟಿಕ್ ಬೇಡ, ಒಳಗೆ ಸೆಕೆ ಹಿಡಿದು ಮೊಗ್ಗು ಇನ್ನೂ ತಡವಾಗುತ್ತದೆ. ಮೊಗ್ಗಿನಲ್ಲಿ ಬಣ್ಣ ಕಾಣುವ ತನಕ ಒಂದು ರಾತ್ರಿಯೂ ತಪ್ಪಿಸದೆ ಮುಚ್ಚಿ; ಆಮೇಲೆ ಬೇಕಿಲ್ಲ.